ಜೇನುಪೆಟ್ಟಿಗೆಗೆ ತಗಡು ಹೊಡೆದ ರೈತ

ಈ ಕತೆಯನ್ನು ನಮಗೆ ಮೊದಲು ಹೇಳಿದವರು ಊರ ಶಾಲೆಯಲ್ಲಿ ಅಕ್ಷರ ಕಲಿಸಿದ ಮರಿಬಸಪ್ಪ ಮೇಷ್ಟರು.

ಒಂದು ಮಠದಲ್ಲಿ ಬಡವರ ಮಕ್ಕಳು ಉಂಡು ಓದಿಕೊಂಡಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಒಂದು ಬೆಳಿಗ್ಗೆ ಗುರುಗಳಿಗೆ ಕೈಮುಗಿದು ಕೇಳಿದ: "ಬುದ್ಧೀ, ಹುಡುಗರು ನಿಲ್ಲುತ್ತಿಲ್ಲ. ಹೇಳದೆ ಕೇಳದೆ ಊರಿಗೆ ಓಡಿಹೋಗುತ್ತಾರೆ. ಹೆಬ್ಬಾಗಿಲಿಗೆ ಬೀಗ ಹಾಕಿಸಲೇ?"

"ಕೂತುಕೋ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ರೈತನಿದ್ದ. ಅವನಿಗಿದ್ದದ್ದು ತುಂಡು ಹೊಲ. ಅದರ ಬದುವಿನಲ್ಲಿ ಒಂದು ಜೇನುಪೆಟ್ಟಿಗೆ ಇಟ್ಟ. ಆ ವರ್ಷ ಹುಚ್ಚೆಳ್ಳು ಎಂದೂ ಇಲ್ಲದಂತೆ ಕಾಳು ಕಟ್ಟಿತು. ಜೇನುತುಪ್ಪ ಮಾರಿ ಮನೆಗೆ ಹಂಚು ಹೊದಿಸಿದ. ಇನ್ನೊಂದು ವರ್ಷ ಹೀಗೇ ನಡೆದರೆ ಕೂಲಿಗೆ ಹೋಗುವುದು ತಪ್ಪುತ್ತದೆ ಎಂದು ಗಂಡಹೆಂಡಿರು ಆ ಪೆಟ್ಟಿಗೆಯನ್ನೇ ನೆಚ್ಚಿಕೊಂಡರು.

ಮಳೆಗಾಲ ಬಂತು. ಹೊಲದಲ್ಲಿ ಹೂವಿಲ್ಲ. ಒಂದು ದಿನ ಜೇನುಹುಳುಗಳೆಲ್ಲ ಗುಂಪುಕಟ್ಟಿ ಹೊರಟು ಬೇಲಿಯ ಮೇಲೆ ಕೂತವು. ರೈತ ಗೋಣಿಚೀಲ ಹಿಡಿದು ಓಡಿದ. ಹೇಗೋ ಹಿಡಿದು ತಂದು ಮತ್ತೆ ಪೆಟ್ಟಿಗೆಗೆ ಬಿಟ್ಟ. ರಾಣಿಹುಳು ಹೊರಡದೆ ಮಿಕ್ಕವು ಹೋಗವು ಎಂಬುದು ಅವನಿಗೆ ಗೊತ್ತಿತ್ತು. ಸಣ್ಣ ತೂತಿನ ತಗಡು ತಂದು ಪೆಟ್ಟಿಗೆಯ ಬಾಗಿಲಿಗೆ ಹೊಡೆದ. ಕೆಲಸದ ಹುಳು ಅದರಲ್ಲಿ ನುಸುಳಬಹುದು, ಮೈದೊಡ್ಡ ರಾಣಿ ನುಸುಳಲಾರದು.

"ಈಗ ಹೋಗಿ, ನೋಡೋಣ!" ಎಂದು ಪೆಟ್ಟಿಗೆಗೇ ಸವಾಲು ಹಾಕಿದ.

ಹೋಗಲಿಲ್ಲ ನಿಜ. ಆದರೆ ದಿನದಿನಕ್ಕೆ ಕಡಿಮೆಯಾದವು. ಮುಚ್ಚಳ ತೆಗೆದು ನೋಡಲು ರೈತನಿಗೆ ಧೈರ್ಯ ಬರಲಿಲ್ಲ. ತೆಗೆದರೆ ಇದ್ದವೂ ಹಾರಿಹೋದಾವು ಎಂಬ ಅಂಜಿಕೆ. ಪಾಪ, ಬೆಳಿಗ್ಗೆ ಎದ್ದವನೇ ತಗಡು ಭದ್ರವಾಗಿದೆಯೇ ಎಂದು ಮುಟ್ಟಿ ನೋಡಿ ಬರುತ್ತಿದ್ದ.

ಇದನ್ನು ನೋಡಿ ನೋಡಿ ಹೆಂಡತಿ ಅಂದಳು: "ಮದುವೆಯಾದ ಹೊಸದರಲ್ಲಿ ನಾನೂ ಎರಡು ಸಲ ತವರಿಗೆ ಓಡಿದ್ದೆ. ಅತ್ತೆ ಏನು ಬಾಗಿಲಿಗೆ ತಗಡು ಹೊಡೆಸಿದರಾ?"

"ಹುಳ ನಿನ್ನ ಹಾಗೆ ಬಾಯಿಬಿಟ್ಟು ಕಷ್ಟ ಹೇಳ್ತಾವೇನೆ?"

"ನಾನೆಲ್ಲಿ ಹೇಳಿದೆ? ಎಲ್ಲರಿಗೂ ಬಡಿಸಿದ ಮೇಲೆ ನನ್ನ ಪಾಲಿಗೆ ಮಡಕೆಯಲ್ಲಿ ಏನೂ ಉಳೀತಿರಲಿಲ್ಲ. ಅತ್ತೆಯೇ ಬಂದು ಮಡಕೆಯಲ್ಲಿ ಇಣುಕಿ ನೋಡಿದರು."

ರೈತ ಎದ್ದು ಹೋಗಿ ಮುಚ್ಚಳ ತೆಗೆದ. ಒಳಗೆ ತೊಟ್ಟು ತುಪ್ಪವಿಲ್ಲ. ಹೂವಿನ ಕಾಲದಲ್ಲಿ ಅವನೇ ಎಲ್ಲವನ್ನೂ ಹಿಂಡಿಕೊಂಡಿದ್ದ. ಹುಳುಗಳು ತುಪ್ಪ ತುಂಬಲು ಕಟ್ಟಿದ್ದ ಮೇಣದ ಎರಿಗಳಿಗೆ ಕೀಟ ಬಿದ್ದು ಬಲೆ ಕಟ್ಟಿತ್ತು. ಒಂದು ಮೂಲೆಯಲ್ಲಿ ಹಿಡಿಯಷ್ಟು ಹುಳುಗಳು ರಾಣಿಯನ್ನು ಸುತ್ತಿಕೊಂಡು ಹಸಿದು ಕೂತಿದ್ದವು. ಅವನ ಕಣ್ಣು ತುಂಬಿತು. ಕೆಟ್ಟ ಎರಿಗಳನ್ನು ಕೊಯ್ದು ತೆಗೆದ. ಪೆಟ್ಟಿಗೆ ಒರೆಸಿದ. ಹೆಂಡತಿ ಸಕ್ಕರೆಯ ಪಾನಕ ಮಾಡಿ, ಹುಳುಗಳು ಮುಳುಗದ ಹಾಗೆ ಬಟ್ಟಲಿಗೆ ಕಡ್ಡಿ ಹಾಕಿ ಒಳಗಿಟ್ಟಳು. ಆಮೇಲೆ ರೈತ ತಗಡು ಕಿತ್ತ.

ಹುಳುಗಳು ಹೊರಗೆ ಬಂದವು. ಸುತ್ತ ಹಾರಿದವು. ಮತ್ತೆ ಒಂದೊಂದಾಗಿ ಒಳಗೆ ಹೋದವು. ಹುಚ್ಚೆಳ್ಳು ಹೂ ಬಿಡುವ ಹೊತ್ತಿಗೆ ಪೆಟ್ಟಿಗೆ ತುಂಬಿ ಝೇಂಕರಿಸುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಬುದ್ಧೀ, ನಾನೇನು ಮಾಡಲಿ?" ಎಂದ ಶಿಷ್ಯ.

"ಈ ಮಧ್ಯಾಹ್ನ ನೀನು ಹುಡುಗರ ಪಂಕ್ತಿಯಲ್ಲಿ ಕೂತು ಉಣ್ಣಪ್ಪ."

ಮಧ್ಯಾಹ್ನ ಶಿಷ್ಯ ಹುಡುಗರ ನಡುವೆ ಎಲೆ ಹಾಕಿಕೊಂಡು ಕೂತ.

ನಾಲ್ಕು ಜನಕ್ಕೆ ಅನ್ನ ಬಡಿಸುವವರು ಯಾರೇ ಸಿಕ್ಕಲಿ, ಈ ಕತೆ ಓದಿದವರು ಅವರಿಗೆ ಇದನ್ನು ಹೇಳಿ ಪುಣ್ಯ ಕಟ್ಟಿಕೊಳ್ಳಬೇಕು.