ಹುಲಿಗೆಮ್ಮ ನೋಡಿದ ಸಿನಿಮಾ

"ಗುರುಗಳೇ, ಸಿನಿಮಾಕ್ಕೆ ಕೊಟ್ಟಿರುವ ಪ್ರಮಾಣಪತ್ರ ನೋಡಿದರೆ ಸಾಕಲ್ಲವೇ? ಯಾವುದು ಮಕ್ಕಳಿಗೆ, ಯಾವುದು ದೊಡ್ಡವರಿಗೆ ಎಂದು ತಿಳಿದವರೇ ಬರೆದಿರುತ್ತಾರೆ."

ಹೀಗೆ ಕೇಳಿದವನು ಮಠದ ವಿದ್ಯಾರ್ಥಿ ನಿಲಯವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ತಿಂಗಳಿಗೊಂದು ಭಾನುವಾರ ಅಲ್ಲಿನ ಮಕ್ಕಳಿಗೆ ಸಿನಿಮಾ ತೋರಿಸುವ ರೂಢಿಯಿತ್ತು. ಆರಿಸುವ ಹೊಣೆ ಅವನದು. ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ನಿರ್ದೇಶಕನಿದ್ದ. ಎಳೆಯ ಹುಡುಗಿಯರ ಮದುವೆಯ ಬಗ್ಗೆ ಸಿನಿಮಾ ಮಾಡಬೇಕೆಂದು ಹೊರಟ. ನಟನೆ ಕಲಿತ ಮಕ್ಕಳು ಅವನಿಗೆ ಒಪ್ಪಿಗೆಯಾಗಲಿಲ್ಲ. ಊರೂರು ತಿರುಗಿ, ಕೊನೆಗೆ ಒಂದು ಸರ್ಕಾರಿ ಶಾಲೆಯಲ್ಲಿ ಹುಲಿಗೆಮ್ಮ ಎಂಬ ಹುಡುಗಿಯನ್ನು ಕಂಡ. ಅವಳಿಗೆ ಹದಿಮೂರು ವರ್ಷ. ತಂದೆ ಇರಲಿಲ್ಲ. ತಾಯಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ನಿರ್ದೇಶಕ ತಾಯಿಯನ್ನು ಒಪ್ಪಿಸಿ, ಬೇಸಿಗೆ ರಜೆಯಲ್ಲಿ ಇಪ್ಪತ್ತೆರಡು ದಿನ ಚಿತ್ರೀಕರಣ ಮಾಡಿದ.

ಅವನು ಹುಡುಗಿಗೆ ಕತೆ ಹೇಳಲಿಲ್ಲ. ಕತೆ ತಿಳಿದರೆ ಮುಖದಲ್ಲಿ ನಟನೆ ಬಂದುಬಿಡುತ್ತದೆ ಎಂಬುದು ಅವನ ನಂಬಿಕೆ. ಇಲ್ಲಿ ಕೂರು, ಅಲ್ಲಿ ನೋಡು, ಓಡು ಎಂದಷ್ಟೇ ಹೇಳುತ್ತಿದ್ದ. ಕೊನೆಯ ದೃಶ್ಯಗಳನ್ನು ಮೊದಲು ತೆಗೆದ, ಮೊದಲಿನವನ್ನು ಕೊನೆಗೆ. ಒಂದು ದಿನ ಅವಳು ಯಾವುದೋ ಕಚೇರಿಯ ಮೆಟ್ಟಿಲು ಹತ್ತಿ ಬಾಗಿಲು ತಟ್ಟಬೇಕಿತ್ತು. ಕ್ಯಾಮೆರಾ ಹಿಂದಿನಿಂದ ಹಿಡಿದಿತ್ತು. ಬಾಗಿಲು ತೆರೆದ ಮೇಲೆ ಏನಾಗುತ್ತದೆ ಎಂದು ಅವಳು ಕೇಳಿದಳು. ಥಿಯೇಟರಿನಲ್ಲಿ ನೋಡಿದಾಗ ತಿಳಿಯುತ್ತದೆ ಎಂದು ಅವನು ನಕ್ಕ. ಅವಳ ಪಾತ್ರದ ಮಾತುಗಳನ್ನೆಲ್ಲ ಆಮೇಲೆ ಪಟ್ಟಣದ ಬೇರೊಬ್ಬ ಹುಡುಗಿಯ ದನಿಯಲ್ಲಿ ಸೇರಿಸಿದರು.

ಸಿನಿಮಾ ಮುಗಿದು ಪರಿಶೀಲನಾ ಸಮಿತಿಯ ಮುಂದೆ ಹೋಯಿತು. ಸಮಿತಿಯಲ್ಲಿ ಐದು ಜನ. ಒಳ್ಳೆಯ ಸಿನಿಮಾ ಎಂದು ಐವರೂ ಒಪ್ಪಿದರು. ಅದರಲ್ಲಿ ರಕ್ತವಿರಲಿಲ್ಲ, ಅಸಭ್ಯವಾದದ್ದು ಇರಲಿಲ್ಲ. ಒಂದೇ ಒಂದು ದೃಶ್ಯ ಅವರನ್ನು ತಡೆಯಿತು. ಕತೆಯ ಹುಡುಗಿಗೆ ಒಬ್ಬಳು ಅಕ್ಕ. ಮದುವೆಯಾದ ಆ ಅಕ್ಕನನ್ನು ಕೋಣೆಯೊಳಗೆ ಕಳಿಸುತ್ತಾರೆ. ಒಳಗಿನಿಂದ ಚಿಲಕ ಬೀಳುತ್ತದೆ. ತಂಗಿ ಅಂಗಳದಲ್ಲಿ ಕುಳಿತು ಆ ಸದ್ದು ಕೇಳುತ್ತಾಳೆ. ಅಷ್ಟೇ. ಚಿಲಕ ಯಾಕೆ ಹಾಕಿದರು ಎಂದು ನನ್ನ ಮೊಮ್ಮಗಳು ಕೇಳಿದರೆ ಏನು ಹೇಳಲಿ ಎಂದು ಒಬ್ಬ ಸದಸ್ಯರು ಕೇಳಿದರು. ನಿವೃತ್ತ ಶಿಕ್ಷಕಿಯೊಬ್ಬರು ಮಾತ್ರ, ಇದನ್ನು ಎಲ್ಲರಿಗಿಂತ ಮೊದಲು ಆ ವಯಸ್ಸಿನ ಹುಡುಗಿಯರಿಗೇ ತೋರಿಸಬೇಕು ಎಂದರು. ಉಳಿದವರು ಅವರ ಮಾತನ್ನು ಸಮಾಧಾನದಿಂದ ಕೇಳಿಸಿಕೊಂಡರು, ಆದರೆ ಒಪ್ಪಲಿಲ್ಲ.

ಚಿಲಕದ ದೃಶ್ಯ ತೆಗೆದರೆ ಎಲ್ಲರೂ ನೋಡಬಹುದೆಂದು ಬರೆದುಕೊಡುತ್ತೇವೆ ಎಂದು ಅಧ್ಯಕ್ಷರು ಹೇಳಿದರು. ಅದನ್ನು ತೆಗೆದರೆ ಉಳಿಯುವುದು ಬರೀ ಮದುವೆಯ ಊಟ ಎಂದು ನಿರ್ದೇಶಕ ಹಟ ಹಿಡಿದ. ನಟಿಸಿದ ಹುಡುಗಿಗೇ ಇನ್ನೂ ಹದಿನಾಲ್ಕು, ಅವಳೂ ನೋಡಬಾರದೇ ಎಂದು ಕೇಳಿದ. ನಿಯಮ ಎಲ್ಲರಿಗೂ ಒಂದೇ ಎಂಬ ಉತ್ತರ ಬಂತು. 'ವಯಸ್ಕರಿಗೆ ಮಾತ್ರ' ಎಂದು ಬರೆದು ಸಹಿ ಹಾಕಿದರು. ಊಟದ ನಂತರ ಅವರು ಇನ್ನೊಂದು ಸಿನಿಮಾ ನೋಡಿದರು. ಅದರ ನಾಯಕ ಒಲ್ಲೆ ಎಂದ ಹೆಣ್ಣಿನ ಬೆನ್ನು ಹತ್ತಿ, ಅಡ್ಡ ಬಂದ ಮೂವತ್ತು ಜನರನ್ನು ಕೊಂದು, ಕೊನೆಗೆ ಅವಳನ್ನು ಒಲಿಸಿಕೊಳ್ಳುತ್ತಿದ್ದ. ಮಕ್ಕಳು ಹೆತ್ತವರ ಜೊತೆಗೆ ಬಂದು ನೋಡಬಹುದೆಂದು ಅದಕ್ಕೆ ಬರೆದುಕೊಟ್ಟರು.

ಸಿನಿಮಾ ಜಿಲ್ಲಾ ಕೇಂದ್ರಕ್ಕೆ ಬಂದ ದಿನ ಹುಲಿಗೆಮ್ಮ ತಾಯಿಯ ಜೊತೆ ಬಸ್ಸು ಹತ್ತಿ ಹೋದಳು. ಥಿಯೇಟರಿನ ಬಾಗಿಲಲ್ಲಿದ್ದವನು ಅವಳನ್ನು ತಡೆದ.

"ನಾನ ಅದರಾಗ ಅದೀನ್ರಿ," ಎಂದು ಅವಳು ಪೋಸ್ಟರ್ ತೋರಿಸಿದಳು.

"ಗೊತ್ತಾತವ್ವ, ಅದ ಮಾರಿ. ಆದರ ದೊಡ್ಡವರನ್ನಷ್ಟ ಬಿಡು ಅಂತ ಬರದಾರ. ನಿನ್ನ ಬಿಟ್ಟರ ನನ್ನ ಕೆಲಸ ಹೋಗತದ."

ತಾಯಿ ಬೇಕಾದರೆ ಒಳಗೆ ಹೋಗಬಹುದು ಎಂದೂ ಅವನು ಹೇಳಿದ. ಮಗಳನ್ನು ಹೊರಗೆ ನಿಲ್ಲಿಸಿ ಹೋಗಲು ತಾಯಿಗೆ ಮನಸ್ಸಾಗಲಿಲ್ಲ. ಇಬ್ಬರೂ ಮುಂದಿನ ಬಸ್ಸಿಗೆ ಹಿಂತಿರುಗಿದರು.

ಅದೇ ವಾರ ಅವರ ಊರಿನ ಬಸ್ ನಿಲ್ದಾಣದ ಗೋಡೆಗೂ ಪೋಸ್ಟರ್ ಬಂತು. ಹುಲಿಗೆಮ್ಮನ ಮುಖ ದೊಡ್ಡದಾಗಿತ್ತು. ಅದರ ಕೆಳಗೆ 'ವಯಸ್ಕರಿಗೆ ಮಾತ್ರ' ಎಂದಿತ್ತು. ಊರಿನಲ್ಲಿ ಯಾರೂ ಆ ಸಿನಿಮಾ ನೋಡಿರಲಿಲ್ಲ. ಆ ಎರಡು ಪದಗಳನ್ನು ಎಲ್ಲರೂ ಓದಿದರು. ಭಟ್ಟಿಯಲ್ಲಿ ಹೆಂಗಸರು ತಾಯಿಯನ್ನು ಕಂಡಾಗ ಮಾತು ನಿಲ್ಲಿಸತೊಡಗಿದರು. ಶಾಲೆಯಲ್ಲಿ ಹುಡುಗಿಯ ಪಕ್ಕ ಕೂರುತ್ತಿದ್ದವರು ಜಾಗ ಬದಲಿಸಿದರು. ತಾಯಿಯ ಅಣ್ಣ ಬಂದು, ಇನ್ನು ತಡ ಮಾಡಿದರೆ ಇವಳನ್ನು ಯಾರೂ ಕೇಳುವುದಿಲ್ಲ ಎಂದ. ಪೋಸ್ಟರ್ ಮುಟ್ಟದ ದೂರದ ತಾಲೂಕಿನಲ್ಲಿ ಒಂದು ಗಂಡು ನೋಡಿದ. ಟ್ರ್ಯಾಕ್ಟರ್ ಓಡಿಸುವವನು, ಇಪ್ಪತ್ತೇಳು ವರ್ಷದ ಕಲ್ಲಪ್ಪ. ಹುಡುಗಿ ಐದು ವರ್ಷ ಮೊದಲೇ ಹುಟ್ಟಿದಳೆಂದು ತೋರಿಸುವ ಒಂದು ಕಾಗದವೂ ಸಿದ್ಧವಾಯಿತು.

ಹುಲಿಗೆಮ್ಮ ಶಾಲೆ ಬಿಡುವುದಿಲ್ಲ ಎಂದು ಎರಡು ದಿನ ಉಣ್ಣಲಿಲ್ಲ. ತಾಯಿಯೂ ಉಣ್ಣಲಿಲ್ಲ. ನೀನು ತಪ್ಪು ಮಾಡಿಲ್ಲ ಎಂದು ನನಗೆ ಗೊತ್ತು, ಊರಿಗೆ ಹೇಗೆ ತಿಳಿಸಲಿ ಎಂದು ತಾಯಿ ಅತ್ತಳು. ಮೂರನೆಯ ದಿನ ಮಗಳು ಸೋತಳು. ಬೇಡ ಎನ್ನುವುದನ್ನು ಮನೆಯವರಿಗಲ್ಲದೆ ಇನ್ನು ಯಾರಿಗೆ ಹೇಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಹೇಳಿದರೆ ಕೇಳುವವರು ಇರುತ್ತಾರೆಂದೂ ತಿಳಿದಿರಲಿಲ್ಲ. ಮದುವೆಯಾಯಿತು.

ಕೆಲವು ತಿಂಗಳ ಮೇಲೆ ಆ ಸಿನಿಮಾಕ್ಕೆ ಪ್ರಶಸ್ತಿ ಬಂತು. ನಿರ್ದೇಶಕ ವೇದಿಕೆಯ ಮೇಲೆ ಹುಲಿಗೆಮ್ಮನ ಹೆಸರು ಹೇಳಿ, ಇದು ಅವಳಂಥ ಹುಡುಗಿಯರಿಗೆ ಸಲ್ಲಬೇಕು ಎಂದ. ಜನ ಚಪ್ಪಾಳೆ ತಟ್ಟಿದರು. ಪ್ರಶಸ್ತಿ ಬಂದದ್ದರಿಂದ ಸಿನಿಮಾ ಸಣ್ಣ ಊರುಗಳಿಗೂ ಹೋಯಿತು. ಕಲ್ಲಪ್ಪನ ಊರಿನ ಟಾಕೀಸಿಗೂ ಬಂತು. ಪೋಸ್ಟರಿನಲ್ಲಿ ಹೆಂಡತಿಯ ಮುಖ ಕಂಡು ಅವನು ಬೆರಗಾದ. ಮನೆಗೆ ಬಂದು ಕೇಳಿದ. ಅವಳು ಹೆದರಿ ಹೌದೆಂದಳು. ಅವನು ಬೈಯಲಿಲ್ಲ. ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದ. ಬಾಗಿಲಲ್ಲಿದ್ದವನು ಅವಳ ಕೊರಳಿನ ತಾಳಿ ನೋಡಿ ಟಿಕೆಟ್ ಹರಿದ.

ಒಳಗೆ ಅವಳು ಮೊದಲ ಸಲ ಆ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಚಿಲಕ ಬಿದ್ದಾಗ ಕಲ್ಲಪ್ಪ ಕುರ್ಚಿಯಲ್ಲಿ ಸರಿದು ಕುಳಿತ. ಅವಳು ಅಲುಗಲಿಲ್ಲ. ಆಮೇಲೆ ತಂಗಿಯ ಸರದಿ ಬಂತು. ತಂಗಿ ಮನೆಯಿಂದ ತಪ್ಪಿಸಿಕೊಂಡು ಓಡಿದಳು, ಮೆಟ್ಟಿಲು ಹತ್ತಿದಳು, ಬಾಗಿಲು ತಟ್ಟಿದಳು. ಒಳಗೊಬ್ಬ ಅಧಿಕಾರಿಣಿ ಇದ್ದಳು. ನನಗೆ ಮದುವೆ ಬೇಡ, ನಾನು ಓದುತ್ತೇನೆ ಎಂದು, ಬೆನ್ನಷ್ಟೇ ಕಾಣುತ್ತಿದ್ದ ಪರದೆಯ ಹುಲಿಗೆಮ್ಮ ಇನ್ನೊಬ್ಬಳ ದನಿಯಲ್ಲಿ ಹೇಳಿದಳು. ಅಧಿಕಾರಿಣಿ ಕುರ್ಚಿ ಬಿಟ್ಟು ಎದ್ದಳು. ಜೀಪು ಬಂತು. ಚಪ್ಪರ ಬಿಚ್ಚಿದರು. ಹುಡುಗಿ ಶಾಲೆಗೆ ಹೋದಳು. ಸಿನಿಮಾ ಮುಗಿಯಿತು.

ದಾರಿಯಲ್ಲಿ ಹುಲಿಗೆಮ್ಮ ಗಂಡನನ್ನು ಒಂದೇ ಮಾತು ಕೇಳಿದಳು.

"ಅಂಥಾ ಆಫೀಸು ಖರೇನ ಇರತದೇನ್ರಿ?"

"ಇರತದ," ಎಂದ ಕಲ್ಲಪ್ಪ. "ನಮ್ಮ ಬಸ್ ಸ್ಟ್ಯಾಂಡಿನ ಹಿಂದನೂ ಒಂದ ಐತಿ."

ಆಗ ಅವಳಿಗೆ ಐದು ತಿಂಗಳು ತುಂಬಿತ್ತು.

ಗುರುಗಳು ಕತೆ ನಿಲ್ಲಿಸಿದರು. ಸಮಿತಿಯವರು ಕೆಟ್ಟವರೇನಲ್ಲ, ಅವಳು ಚಿಕ್ಕವಳೆಂದೇ ತಾನೆ ತಡೆದದ್ದು ಎಂದು ಶಿಷ್ಯ ಮೆಲ್ಲಗೆ ಹೇಳಿದ.

ಗುರುಗಳೆಂದರು: "ಹೌದು, ನೋಡುವುದಕ್ಕೆ ಮಾತ್ರ ಅವಳು ಚಿಕ್ಕವಳಾಗಿದ್ದಳು."