ಕೋಡರಸನ ಬೆನ್ನೂ ಹೊಂಗೆಹೊಂಡದ ನೀರೂ

ಮಕ್ಕಳೇ, ಮೂರು ಬೆಳ್ಳಕ್ಕಿಗಳ ಮಾತು ಕೇಳಿ ಒಬ್ಬ ಅರಸ ಇಡೀ ಕಾಡಿನ ಸಭೆಯನ್ನೇ ಮುಚ್ಚಿಸಿದ. ಆಮೇಲೆ ಏನಾಯಿತು, ಹೇಳಿ ನೋಡೋಣ? ಊಹೂಂ, ಹುಲಿ ಬರಲಿಲ್ಲ. ಬೇಟೆಗಾರನೂ ಬರಲಿಲ್ಲ. ಸೋತಿರಾ? ಹಾಗಾದರೆ ಕೇಳಿ.

ಆ ಕಾಡಿನ ನಡುವೆ ಹೊಂಗೆಹೊಂಡ ಅಂತ ಒಂದು ಹೊಂಡ. ಅದರಲ್ಲಿ ಚಿಪ್ಪಜ್ಜ ಎಂಬ ಮುದಿ ಆಮೆ. ದಡದ ಹೊಂಗೆಮರದ ಕೆಳಗೆ ಸೇರುವ ಪ್ರಾಣಿಗಳ ಸಭೆಗೆ ಅವನೇ ಹಿರಿಯ. ಅವನಿಗೆ ಸದಾ ಹಳೆಯ ಅರಸನದೇ ನೆನಪು. ಆಹಾ, ಎಂಥ ಕೋಣ! ಸಂಜೆ ದಡದಲ್ಲೇ ನಿಂತು, "ಎಲ್ಲರದೂ ಆಯ್ತೇನ್ರಪ್ಪಾ?" ಎಂದು ಕೇಳಿ, ಮೊಲದ ಮರಿಯೂ ಕುಡಿದ ಮೇಲೆಯೇ ತಾನು ನೀರಿಗೆ ಬಾಯಿ ಇಡುತ್ತಿದ್ದ.

ಅವನ ನಂತರ ಅರಸನಾದ ಮಗ ಕೋಡರಸ ಕೆಟ್ಟವನಲ್ಲ. ಹೊಗಳಿಕೆ ಎಂದರೆ ಕಿವಿ ನಿಮಿರುತ್ತಿತ್ತು, ಅಷ್ಟೆ. ಅವನ ಬೆನ್ನ ಮೇಲೆ ಮೂರು ಬೆಳ್ಳಕ್ಕಿಗಳು ಮಂತ್ರಿಗಳಾಗಿ ಕೂತವು.

"ಮಹಾಪ್ರಭು, ತಮ್ಮಂಥವರು ದಡದಲ್ಲಿ ಕಾಯುವುದೇ? ನಡುನೀರಿಗಿಳಿದು ಹೊರಳಾಡಿ!"

ಅರಸ ಹೊರಳಾಡಿದಂತೆಲ್ಲ ಕೆಸರಿನಿಂದ ಕಪ್ಪೆಗಳು ಮೇಲೇಳುತ್ತಿದ್ದವು. ಮಂತ್ರಿಗಳ ಹೊಟ್ಟೆ ತುಂಬುತ್ತಿತ್ತು. ಉಳಿದವರ ಪಾಲಿಗೆ ಬರೀ ರಾಡಿ.

ಅರಸ ಮೂರು ಸಲ ಗುಟುರು ಹಾಕಿದರೆ ಸಭೆ ಸೇರಬೇಕು. ಅದು ಕಾಡಿನ ಕಟ್ಟಳೆ. ಯುಗಾದಿಯ ಸಭೆ ಸೇರಿತು.

"ಈ ಮಂತ್ರಿಗಳನ್ನು ಬಿಟ್ಟುಬಿಡಿ ಸ್ವಾಮಿ," ಎಂದ ಚಿಪ್ಪಜ್ಜ.

"ನನ್ನ ಬೆನ್ನ ಮೇಲೆ ಯಾರು ಕೂರಬೇಕೆಂದು ನೀವು ಹೇಳುವುದೇ?" ಎಂದ ಕೋಡರಸ.

"ಬೆನ್ನು ತಮ್ಮದೇ. ಹೊಂಡ ಎಲ್ಲರದಲ್ಲವೇ?"

"ಅಜ್ಜನಿಗೆ ಬಿಸಿಲು ಬಡಿದಿದೆ. ತಲೆ ಒಳಗೆಳೆದುಕೋ ಅಜ್ಜ!" ಎಂದು ಒಂದು ಬೆಳ್ಳಕ್ಕಿ ಅಣಕಿಸಿತು.

"ಸಭೆ ಮುಗಿಯಿತು!" ಅರಸ ಕಾಲು ಅಪ್ಪಳಿಸಿದ. "ಇನ್ನೆಂದೂ ಕರೆಯುವುದಿಲ್ಲ!"

ಜಿಂಕೆ, ಮೊಲ, ಮಂಗ ಎಲ್ಲ ಗುಡ್ಡದಾಚೆಯ ತೊರೆಗೆ ಹೊರಟವು. "ಬಾ ಅಜ್ಜ," ಎಂದ ಕಾಡುಹಂದಿ ಕೋರೆಯಣ್ಣ.

"ನನ್ನ ನಡಿಗೆಯಲ್ಲಿ ಗುಡ್ಡ ಹತ್ತುವಷ್ಟರಲ್ಲಿ ಇನ್ನೊಂದು ಯುಗಾದಿ ಬಂದಿರುತ್ತದಪ್ಪಾ," ಎಂದು ಚಿಪ್ಪಜ್ಜ ಅಲ್ಲೇ ಉಳಿದ. ಬಿಸಿಲು ಏರಿತು, ಹೊಂಡ ಬತ್ತಿತು, ಅವನು ಹುಟ್ಟಿ ಬೆಳೆದ ಮನೆಯೇ ಕೆಸರಾಯಿತು.

ಒಂದು ಬೆಳಿಗ್ಗೆ ಅರಸ ಆ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತುಹೋದ. ಕಪ್ಪೆಗಳೂ ಅಷ್ಟರಲ್ಲಿ ಮುಗಿದಿದ್ದವು.

"ಮಂತ್ರಿಗಳೇ, ಏನಾದರೂ ಸಲಹೆ ಕೊಡಿ!"

"ಪಕ್ಕದ ಕೆರೆಯಲ್ಲಿ ಕಪ್ಪೆ ಬಹಳವಂತೆ ಪ್ರಭು," ಎನ್ನುತ್ತಾ ಮೂರೂ ಹಾರಿಹೋದವು.

"ಅಜ್ಜಾ..." ಎಂದ ಕೋಡರಸ, ಸಣ್ಣ ದನಿಯಲ್ಲಿ.

"ನನ್ನೊಬ್ಬನ ಕೈಲಿ ಏನಾದೀತು ಮಗೂ? ಸಭೆ ಕರೆ."

"ಕರೆಯುವುದಿಲ್ಲ ಅಂದಿದ್ದೆನಲ್ಲ. ಎಲ್ಲರೂ ನಗುವುದಿಲ್ಲವೇ?"

"ನಗುತ್ತಾರೆ. ಆದರೆ ಬಂದೇ ಬರುತ್ತಾರೆ."

ಕೋಡರಸ ಕಣ್ಣು ಮುಚ್ಚಿ ಮೂರು ಸಲ ಗುಟುರು ಹಾಕಿದ.

ಬಂದರು. ನಕ್ಕರು ಕೂಡ! ನಗುತ್ತಲೇ ಮಂಗಗಳು ಕೊಂಬೆ ಹಾಸಿದವು. ಕೋರೆಯಣ್ಣ ಅರಸನ ಕಾಲುಗಳ ಸುತ್ತ ಅಗೆದ. ಸಂಜೆಗೆ ಅರಸ ದಡ ಸೇರಿದ. ಅಗೆದ ಕುಳಿಯಲ್ಲಿ ತಿಳಿನೀರು ಒಸರತೊಡಗಿತು.

ಬಾಯಾರಿ ನಾಲಗೆ ಒಣಗಿದ್ದರೂ ಕೋಡರಸ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಮೊಲದ ಮರಿಯೂ ಕುಡಿಯಿತು. ಆಗ ಕೇಳಿದ: "ಎಲ್ಲರದೂ ಆಯ್ತೇನ್ರಪ್ಪಾ?"

ಅದೇ ಮಾತು, ಅದೇ ದನಿ! ಚಿಪ್ಪಜ್ಜ ಮೆಲ್ಲಗೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಅಳುವುದು ಕಾಣಬಾರದಲ್ಲ!

ಆ ದಿನವನ್ನು ಅಜ್ಜ ಎಂದೂ ಮರೆಯಲಿಲ್ಲ: ವೈಶಾಖ ಶುದ್ಧ ದಶಮಿ, ಗುರುವಾರ.

ನೀತಿ: ಹೊಗಳುವವರು ಹೊಟ್ಟೆ ತುಂಬುವತನಕ ಇರುತ್ತಾರೆ, ತಿದ್ದಿ ಹೇಳುವವರು ಕಷ್ಟಕ್ಕೆ ಕರೆದರೆ ಬರುತ್ತಾರೆ.