ಸ್ಪ್ಯಾನರ್ ಕಾಣದ ದಿನ

ಹಿಮದ ಗಡಿಗೆ ಹತ್ತಿರ ಒಂದು ವಾಯುನೆಲೆ. ಅಲ್ಲಿ ವಿಮಾನಗಳ ರಿಪೇರಿ ಕಲಿಸುವ ದೇವಯ್ಯ ನಮ್ಮ ಕಡೆಯವರು. ಸೇನೆಯಲ್ಲಿ ಸರ್ ಎನ್ನಬೇಕು, ನಿಜ. ಆದರೆ ಅವರ ಕೈಕೆಳಗಿನ ಕನ್ನಡದ ಹುಡುಗರ ಬಾಯಿಗೆ ಬರುತ್ತಿದ್ದುದು ಗುರುಗಳೇ ಎಂದೇ.

ಶಿಷ್ಯರಲ್ಲಿ ಮಲ್ಲಿನಾಥನ ಕೈ ಬಲು ಚುರುಕು. ಆದರೂ ವಿಮಾನ ಕಳಿಸಿಕೊಡುವ ಕೆಲಸವನ್ನು ದೇವಯ್ಯ ಇನ್ನೊಬ್ಬ ಶಿಷ್ಯ ಐವನ್‌ಗೆ ಕೊಟ್ಟರು.

ಆ ಕೆಲಸಕ್ಕೊಂದು ಗತ್ತಿದೆ. ಚಕ್ರಗಳಿಗೆ ಸಿಕ್ಕಿಸಿದ ಕೆಂಪು ಪಟ್ಟಿಯ ಪಿನ್ನುಗಳನ್ನು ಕಿತ್ತು, ವಿಮಾನದ ಎದುರು ನಿಂತು ಎತ್ತಿ ತೋರಿಸಬೇಕು. ಪೈಲಟ್ ತಲೆಯಾಡಿಸುತ್ತಾನೆ. ಆಮೇಲೆ ಸೆಲ್ಯೂಟ್.

ಐವನ್ ಸೆಲ್ಯೂಟ್ ಹೊಡೆದಾಗಲೆಲ್ಲ ಮಲ್ಲಿನಾಥನಿಗೆ ಹೊಟ್ಟೆ ಉರಿಯುತ್ತಿತ್ತು. ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

"ಗುರುಗಳೇ, ಅವನಿಗಿಂತ ನನ್ನ ಕೆಲಸ ಅಚ್ಚುಕಟ್ಟು. ಅವನಿಗೇ ಯಾಕೆ?"

"ಚಹಾ ಆರ್ತಿದೆ, ಕುಡಿ," ಎಂದರು ದೇವಯ್ಯ.

ಇದೂ ಒಂದು ಉತ್ತರವೇ? ಮಲ್ಲಿನಾಥ ಲೋಟ ಮುಟ್ಟದೆ ಎದ್ದುಹೋದ.

ಅಲ್ಲಿನ ಸಾಮಾನು ಪೆಟ್ಟಿಗೆಯಲ್ಲಿ ಪ್ರತಿ ಸ್ಪ್ಯಾನರ್‌ಗೂ ಅದರದೇ ಆಕಾರದ ಗುಂಡಿ. ಒಂದು ಗುಂಡಿ ಖಾಲಿ ಇದ್ದರೂ ವಿಮಾನ ಕದಲುವಂತಿಲ್ಲ. ಸ್ಪ್ಯಾನರ್ ಎಂಜಿನ್ನಿನೊಳಗೆ ಉಳಿದಿದ್ದರೆ ಮೇಲೆ ಹೋದವರು ಕೆಳಗೆ ಬರುವ ರೀತಿಯೇ ಬೇರೆ.

ಮರುದಿನ ತಾಲೀಮಿನ ಹಾರಾಟವಿತ್ತು. ಐವನ್ ಆಚೆ ತಿರುಗಿದಾಗ ಮಲ್ಲಿನಾಥ ಅವನ ಪೆಟ್ಟಿಗೆಯಿಂದ ಒಂದು ಸ್ಪ್ಯಾನರ್ ಎತ್ತಿ ಜೇಬಿಗಿಳಿಸಿದ. ಹಾರಾಟ ತಡವಾಗಲಿ, ಎಲ್ಲರೆದುರು ಇವನ ಮಾನ ಹೋಗಲಿ. ಅವನಿಗೆ ಬೇಕಾಗಿದ್ದು ಅಷ್ಟೇ.

ಅಷ್ಟರಲ್ಲಿ ಸುದ್ದಿ ಬಂತು. ಬೆಟ್ಟದ ಮೇಲೆ ಹಿಮ ಕುಸಿದು ಸೈನಿಕರು ಗಾಯಗೊಂಡಿದ್ದಾರೆ. ತಾಲೀಮು ರದ್ದಾಯಿತು. ಅವರನ್ನು ಕರೆತರಲು ಇದೇ ವಿಮಾನ ಹೋಗಬೇಕು.

ಪೈಲಟ್ ಹತ್ತಿ ಕುಳಿತ. ಪೆಟ್ಟಿಗೆ ತೆರೆದು ನೋಡಿದ ಐವನ್ ಬಿಳಿಚಿಹೋದ.

ಈಗ ಮುಚ್ಚಿಡ್ತಾನೆ, ಅಂದುಕೊಂಡ ಮಲ್ಲಿನಾಥ. ನಾನಾಗಿದ್ದರೂ ಮುಚ್ಚಿಡುತ್ತಿದ್ದೆ.

ಐವನ್ ಎರಡೂ ಕೈ ಎತ್ತಿಕೊಂಡು ವಿಮಾನದ ಎದುರು ನಿಂತುಬಿಟ್ಟ.

"ನಿಲ್ಲಿಸಿ. ನನ್ನ ಸ್ಪ್ಯಾನರ್ ಕಾಣ್ತಿಲ್ಲ."

ಸ್ಪ್ಯಾನರ್ ಹುಡುಕಲು ವಿಮಾನದ ಮುಚ್ಚಳಗಳನ್ನೆಲ್ಲ ಮತ್ತೆ ಬಿಚ್ಚಿದರು. ಅಧಿಕಾರಿಗಳು ಐವನ್‌ಗೆ ಬಾಯಿಗೆ ಬಂದಂತೆ ಬೈದರು. ಮಲ್ಲಿನಾಥ ಬಯಸಿದ್ದೂ ಅದನ್ನೇ. ಈಗ ಅದನ್ನು ಕೇಳಲಾಗಲಿಲ್ಲ. ಬೆಟ್ಟದ ಮೇಲೆ ಸೈನಿಕರು ಕಾಯುತ್ತಿದ್ದರು.

"ಗುರುಗಳೇ, ಸ್ಪ್ಯಾನರ್ ವಿಮಾನದೊಳಗಿಲ್ಲ. ಹೊರಡಲಿ ಬಿಡಿ."

"ನಿನಗೆ ಹೇಗೆ ಗೊತ್ತು?"

ಇಲ್ಲೇ ನೆಲದಲ್ಲಿ ಬಿದ್ದಿತ್ತು ಅಂದಿದ್ದರೆ ಮುಗಿಯುತ್ತಿತ್ತು. ಮಲ್ಲಿನಾಥ ಜೇಬಿಗೆ ಕೈಹಾಕಿ ಸ್ಪ್ಯಾನರ್ ತೆಗೆದುಕೊಟ್ಟ.

"ನಾನೇ ಕದ್ದೆ. ಹೊಟ್ಟೆಕಿಚ್ಚಿಗೆ."

ದೇವಯ್ಯ ಬೈಯಲಿಲ್ಲ. ಸ್ಪ್ಯಾನರನ್ನು ಅದರ ಗುಂಡಿಯಲ್ಲಿಟ್ಟು ಇನ್ನು ಕಳಿಸು ಎಂದು ಐವನ್ ಕಡೆ ಕೈಬೀಸಿದರು. ಮುಚ್ಚಳಗಳನ್ನು ಬಿಗಿದದ್ದೇ ವಿಮಾನ ಹೋಯಿತು.

ಸಂಜೆ ಅದು ಗಾಯಾಳುಗಳನ್ನು ಹೊತ್ತು ಇಳಿಯಿತು. ಎಲ್ಲರಿಗೂ ಜೀವ ಇತ್ತು.

ಮಲ್ಲಿನಾಥ ಗುರುಗಳೆದುರು ತಲೆತಗ್ಗಿಸಿ ನಿಂತ. "ನನ್ನನ್ನು ಮನೆಗೆ ಕಳಿಸ್ತೀರಾ?"

"ಮೇಲಿನವರು ಏನು ಶಿಕ್ಷೆ ಕೊಡ್ತಾರೋ ತಗೋ. ನನ್ನದು ಬೇರೆ. ನಾಳೆಯಿಂದ ವಿಮಾನ ಮುಟ್ಟಬೇಡ. ರನ್‌ವೇಲಿ ಕಲ್ಲು ಆಯ್ದು ತೆಗೆ. ಒಂದು ಹರಳೂ ಉಳೀಬಾರದು, ಎಂಜಿನ್ ಒಳಗೆಳ್ಕೊಂಡ್ರೆ ಕಷ್ಟ."

ಮಲ್ಲಿನಾಥನ ಹೊಟ್ಟೆಯೊಳಗಿನ ಉರಿ ಇನ್ನೂ ಪೂರ್ತಿ ಆರಿರಲಿಲ್ಲ.

"ಐವನ್ ಕಳಿಸೋ ವಿಮಾನಕ್ಕೂ ನಾನೇ ಆಯಬೇಕಾ?"

"ಅದಕ್ಕೇ ಮೊದಲು."

"ಎಲ್ಲೀವರೆಗೆ, ಗುರುಗಳೇ?"

ದೇವಯ್ಯ ಬಿಸಿ ಚಹಾದ ಲೋಟವನ್ನು ಅವನ ಕೈಗಿಟ್ಟರು.

"ಅದು ಯಾರು ಕಳಿಸೋ ವಿಮಾನ ಅನ್ನೋದು ನಿನಗೆ ಮರೆತುಹೋಗೋವರೆಗೆ."